ಸೈಲೆನ್ಸರ್ ಇಲ್ಲದ ಕಾರು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಕಿಟಕಿಯ ಕಟ್ಟೆ ಒರೆಸಿದೆ. ಬಟ್ಟೆ ಕಪ್ಪಾಯಿತು. ದಿನವೂ ಆಗುತ್ತದೆ, ಇವತ್ತು ಮಾತ್ರ ಆ ಕಪ್ಪು ಕಣ್ಣಿಗೆ ಬಿತ್ತು. ಅಪ್ಪನ ಕ್ವಾರ್ಟರ್ಸಿನಲ್ಲಿ ಕಿಟಕಿ ಒರೆಸಿದರೆ ಬಟ್ಟೆಗೆ ಹತ್ತುತ್ತಿದ್ದದ್ದು ಬೂದು ಬಣ್ಣ. ಹಿಟ್ಟಿನಷ್ಟು ನಯ, ಊದಿದರೆ ಹಾರಿಹೋಗುತ್ತಿತ್ತು. ಇಲ್ಲಿಯದು ಜಿಡ್ಡು, ಸೋಪು ಹಾಕದೆ ಬಿಡುವುದಿಲ್ಲ. ಹದಿಮೂರು ವರ್ಷ ಬೂದು, ಹತ್ತು ವರ್ಷ ಕಪ್ಪು. ನನ್ನ ವಯಸ್ಸನ್ನು ಹೀಗೂ ಹೇಳಬಹುದು.

ನಾನೂ ನನ್ನ ಸೋದರತ್ತೆಯೂ ಇರುವುದು ಎರಡನೇ ಮಹಡಿಯಲ್ಲಿ, ಸಿಗ್ನಲ್ಲಿನ ಎದುರಿಗೆ. ಕೆಂಪು ದೀಪ ಬಿದ್ದರೆ ನೂರು ಗಾಡಿಗಳು ನಮ್ಮ ಕಿಟಕಿಯ ಕೆಳಗೆ ನಿಂತು ಗುರುಗುಟ್ಟುತ್ತವೆ. ಅತ್ತೆ ಹೊಲಿಗೆ ಯಂತ್ರ ತುಳಿಯುತ್ತಾ, "ಹೋಗ್ರಪ್ಪ, ಹೋಗಿ ನಿಮ್ಮ ನಿಮ್ಮ ಮನೆ ಸೇರಿ" ಎಂದು ಅವಕ್ಕೆ ಹೇಳುತ್ತಿರುತ್ತಾರೆ.

ಷೋರೂಮು ಸೇರಿ ಇವತ್ತಿಗೆ ಮೂರು ವಾರ. ಅಲಂಕಾರಶಾಸ್ತ್ರ ಓದಿದವಳು ಅಲಾಯ್ ವೀಲಿನ ಹತ್ತಿರ ಬಂದು ನಿಂತಿದ್ದೇನೆ. ಮುಂದಿನ ತಿಂಗಳು ಕರೆಂಟ್ ಕಾರಿಗೂ ಹೈಬ್ರಿಡ್ ಕಾರಿಗೂ ಬೇರೆಯೇ ವಿಭಾಗ ತೆರೆಯುತ್ತಾರಂತೆ. ಕಂಪನಿಯ ಪುಸ್ತಿಕೆಯನ್ನು ಜನಕ್ಕೆ ತಿಳಿಯುವ ಮಾತಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ನನಗಿಂತ ಮೊದಲು ಯಾರೋ ಯಂತ್ರದಿಂದ ಭಾಷಾಂತರ ಮಾಡಿಸಿಟ್ಟಿದ್ದರು. ಮೊದಲ ಪುಟದ ಮೊದಲ ಸಾಲು: "ಶೂನ್ಯ ಬಾಲಕೊಳವೆ ವಿಸರ್ಜನೆ."

ಮಾರಾಟದ ವಿಭಾಗದ ಮಾತಿನಮಲ್ಲ ಅದನ್ನು ಗಟ್ಟಿಯಾಗಿ ಓದಿ, "ಏನು, ಕಾರಿಗೆ ಮಲಬದ್ಧತೆನಾ?" ಎಂದ. ಇಡೀ ಷೋರೂಮು ನಕ್ಕಿತು. ನಾನು ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿ ನಕ್ಕೆ. ನಾನು ನಕ್ಕರೂ ಸದ್ದಿಲ್ಲ, ನಡೆದರೂ ಸದ್ದಿಲ್ಲ ಎಂದು ಅವನು ನನಗೊಂದು ಅಡ್ಡಹೆಸರು ಇಟ್ಟಿದ್ದಾನೆ: ಸೈಲೆನ್ಸರ್.

ಮಾರ್ಚ್ 5, ಬುಧವಾರ

ಆ ಒಂದು ಸಾಲಿಗಾಗಿ ಎರಡು ದಿನ. ಹೊರಸೂಸುವಿಕೆ ಎಂದು ಬರೆದೆ, ಹೊಡೆದುಹಾಕಿದೆ. ಆ ಮಾತನ್ನು ಪರೀಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ಯಾರೂ ಆಡಿದ್ದನ್ನು ಕೇಳಿಲ್ಲ. ಕೊನೆಗೆ ಧೈರ್ಯ ಮಾಡಿ ಹಿಂದಿನ ವರ್ಕ್‌ಶಾಪಿಗೆ ಹೋದೆ. ಮೇಸ್ತ್ರಿ ಒಂದು ಹಳೆಯ ಕಾರಿನ ಅಡಿಯಲ್ಲಿ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಕಾಲಿನ ಜೊತೆ ಮಾತಾಡುವುದು ಮುಖದ ಜೊತೆ ಆಡುವುದಕ್ಕಿಂತ ಸುಲಭ.

"ಹೊಗೆ ಬರೋ ಈ ಕೊಳವೆಗೆ ಜನ ಏನಂತಾರೆ ಸರ್?"

"ಸೈಲೆನ್ಸರ್ ಅಂತಾರಮ್ಮ. ಇನ್ನೇನಂತಾರೆ?"

"ಕರೆಂಟ್ ಕಾರಿಗೆ?"

"ಅದಕ್ಕೆ ಸೈಲೆನ್ಸರೇ ಇಲ್ಲ. ಸದ್ದೇ ಇಲ್ಲದ ಮೇಲೆ ಯಾರ ಬಾಯಿ ಮುಚ್ಚಿಸೋದು?"

ಓಡಿ ಬಂದು ಬರೆದೆ: "ಈ ಕಾರಿಗೆ ಸೈಲೆನ್ಸರ್ ಇಲ್ಲ. ಹೊಗೆಯೂ ಇಲ್ಲ." ಮ್ಯಾನೇಜರ್ ಮೇಡಂ ಎರಡು ಸಲ ಓದಿ, "ಇದು" ಎಂದು ಬೆರಳಿನಿಂದ ಕಾಗದ ತಟ್ಟಿದರು. ಅವರು ಹಾಗೆ ತಟ್ಟಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ಅಪ್ಪನಿಗೆ ಹೇಳಬೇಕು ಅನ್ನಿಸಿತು. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ.

ಮಾರ್ಚ್ 9, ಭಾನುವಾರ

ಅಪ್ಪ ಫೋನ್ ಮಾಡುವುದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಕಿವಿಯೊಳಗಿನ ಬೂದಿ ತೆಗೆದು. ನಾನು ಒಂಬತ್ತೂವರೆಯಿಂದಲೇ ಫೋನಿನ ಪಕ್ಕ ಏನಾದರೂ ಕೆಲಸ ಹುಡುಕಿಕೊಂಡಿರುತ್ತೇನೆ. ಅತ್ತೆ ಕಂಡೂ ಕಾಣದ ಹಾಗೆ ಇರುತ್ತಾರೆ. ಫೋನ್ ಬರುತ್ತದೆ. "ತಿಂಡಿ ಆಯ್ತಾ?" "ಹ್ಞೂಂ." "ಕೆಲಸ ಹೇಗಿದೆ?" "ಪರವಾಗಿಲ್ಲ." "ಅತ್ತೆ?" "ಚೆನ್ನಾಗಿದ್ದಾರೆ." ಆಮೇಲೆ ಎರಡೂ ಕಡೆ ಉಸಿರಿನ ಸದ್ದು. ನಾನು ಏನಾದರೂ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅಪ್ಪ, "ಇಡ್ಲಾ?" ಎನ್ನುತ್ತಾರೆ. ನಾನು "ಹ್ಞೂಂ" ಎನ್ನುತ್ತೇನೆ. ಎಲ್ಲ ಸೇರಿ ಒಂದೂಮುಕ್ಕಾಲು ನಿಮಿಷ. ಇಟ್ಟ ಮೇಲೆ ಫೋನ್ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಅಷ್ಟು ಹೊತ್ತು ಅದನ್ನು ಕೈಯಲ್ಲಿ ಹಿಡಿದಿರುತ್ತೇನೆ.

ಇವತ್ತು "ಕೆಲಸ ಹೇಗಿದೆ?" ಎಂದಾಗ, ಏನಾಯಿತೋ, ಆ ಸಾಲನ್ನು ಹೇಳಿಬಿಟ್ಟೆ. ಈ ಕಾರಿಗೆ ಸೈಲೆನ್ಸರ್ ಇಲ್ಲ, ಹೊಗೆಯೂ ಇಲ್ಲ.

ಅಪ್ಪ ನಕ್ಕರು. ಮೂಗಿನಲ್ಲಿ, ಒಂದೇ ಒಂದು ಸಲ.

"ಹೊಗೆ ಇಲ್ವಾ? ಮತ್ತೆ ನಾವಿಲ್ಲಿ ಏನು ಬಿಡ್ತಾ ಇದ್ದೀವಿ ಪುಟ್ಟಿ, ಸಾಂಬ್ರಾಣಿನಾ?"

ನನಗೆ ಮುಖಕ್ಕೆ ನೀರು ಹೊಡೆದ ಹಾಗಾಯಿತು. ಥರ್ಮಲ್ ಸ್ಟೇಷನ್ನಿನ ಬೂದಿ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರ ಮಗಳು ನಾನು. ಆ ಚಿಮಣಿಯ ನೆರಳು ನಮ್ಮ ಅಂಗಳದ ಮೇಲೆ ಹಾದುಹೋಗುವುದನ್ನು ನೋಡಿ ಗಂಟೆ ಹೇಳುವುದನ್ನು ಕಲಿತವಳು. ಕಾರಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ.

"ಒಂದು ಯೂನಿಟ್ಟಿಗೆ ಎಷ್ಟು ಕಲ್ಲಿದ್ದಲು ಬೇಕು ಅಪ್ಪ?"

"ಯಾಕೆ?"

"ಬರೀಬೇಕು."

"ನೋಡಿ ಹೇಳ್ತೀನಿ. ಬಾಯಿಗೆ ಬಂದಿದ್ದು ಹೇಳ್ಬಾರ್ದು. ಇಡ್ಲಾ?"

ನಾಲ್ಕು ನಿಮಿಷ ಹತ್ತು ಸೆಕೆಂಡು.

ಮಾರ್ಚ್ 11, ಮಂಗಳವಾರ

ಹೈಬ್ರಿಡ್ ಕಾರಿನಲ್ಲಿ ಒಂದು ಸುತ್ತು. ಓಡಿಸಿದ್ದು ಮೇಸ್ತ್ರಿ, ಬರೆಯುವವಳು ಕೂತು ನೋಡದೆ ಹೇಗೆ ಬರೆಯುತ್ತಾಳೆ ಎಂದು ಮೇಡಂ ಕಳಿಸಿದರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಪರದೆಯ ಮೇಲೆ ಬ್ಯಾಟರಿಯ ಗೀಟು ಮೇಲೇರಿತು.

"ಮಾಮೂಲಿ ಕಾರಲ್ಲಿ ಬ್ರೇಕ್ ಹಾಕಿದ್ರೆ ಅಷ್ಟೂ ಶಕ್ತಿ ಬಿಸಿಯಾಗಿ ಹಾಳಾಗುತ್ತಮ್ಮ. ಇದು ತಡೆದದ್ದನ್ನ ಇಟ್ಕೊಂಡು ಆಮೇಲೆ ಬಳಸುತ್ತೆ. ಊರೊಳಗೆ ಓಡಾಡೋರಿಗೆ ಮೂರರಲ್ಲಿ ಒಂದು ಪಾಲು ಪೆಟ್ರೋಲು ಉಳಿಯುತ್ತೆ."

"ತಡೆದದ್ದನ್ನು ಇಟ್ಟುಕೊಳ್ಳುತ್ತದೆ." ಬರೆದುಕೊಂಡೆ. ಅದು ಬರೀ ಕಾರಿನ ಮಾತಾಗಿ ಕೇಳಿಸಲಿಲ್ಲ.

ಹಿಂದಕ್ಕೆ ಬರುವಾಗ ನಮ್ಮ ಮನೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಎಂಜಿನ್ ತಾನಾಗಿಯೇ ನಿಂತಿತು. ಅಕ್ಕಪಕ್ಕದ ಗಾಡಿಗಳು ಗುರುಗುಟ್ಟುತ್ತಿದ್ದವು, ನಾವು ಮಾತ್ರ ಸುಮ್ಮನಿದ್ದೆವು. ತಲೆಯೆತ್ತಿದರೆ ನಮ್ಮದೇ ಕಿಟಕಿ. ಹತ್ತು ವರ್ಷದಲ್ಲಿ ಅದನ್ನು ಗಾಡಿಯೊಳಗಿಂದ ನೋಡಿರಲಿಲ್ಲ. ಅಮ್ಮ ಕೂರುತ್ತಿದ್ದದ್ದು ಅಲ್ಲೇ, ಗಾಳಿ ಬೇಕು ಎಂದು. ಬೂದಿ ಆಗುವುದಿಲ್ಲ, ಉಬ್ಬಸ ಹೆಚ್ಚುತ್ತದೆ, ಊರು ಬಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಅಮ್ಮ ನನ್ನನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದಳು. ಏಳು ವರ್ಷ ಈ ಕಿಟಕಿಯಲ್ಲಿ ಕೂತು ಗಾಳಿ ಎಂದುಕೊಂಡು ಈ ಸಿಗ್ನಲ್ಲನ್ನು ಉಸಿರಾಡಿದಳು. ಅಮ್ಮ ಹೋಗಿ ಮೂರು ವರ್ಷ. ಆಮೇಲೆ ಅಪ್ಪ ಇಲ್ಲಿಗೆ ಬಂದದ್ದು ಎರಡೇ ಸಲ, ಎರಡು ಸಲವೂ ಒಂದೊಂದು ದಿನಕ್ಕೆ.

ಹಸಿರು ಬಿತ್ತು. ಮೇಸ್ತ್ರಿ, "ಏನಮ್ಮ, ಯಾರನ್ನ ಹುಡುಕ್ತಾ ಇದ್ದೀರಿ?" ಎಂದರು. ಯಾರನ್ನೂ ಇಲ್ಲ ಎಂದೆ.

ಮಾರ್ಚ್ 16, ಭಾನುವಾರ

ಹನ್ನೊಂದು ನಿಮಿಷ!

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅಪ್ಪನೂ ಉತ್ತರಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು; ಕಾಗದ ಮಗುಚುವ ಸದ್ದು ಕೇಳಿಸುತ್ತಿತ್ತು. ತಿಂಡಿ ಆಯಿತೇ ಎಂದು ಇಬ್ಬರೂ ಕೇಳಲಿಲ್ಲ.

"ಬರ್ಕೋ. ನಮ್ಮ ಹಳೇ ಘಟಕದಲ್ಲಿ ಒಂದು ಯೂನಿಟ್ಟಿಗೆ ಹೆಚ್ಚುಕಮ್ಮಿ ಮುಕ್ಕಾಲು ಕೆಜಿ ಕಲ್ಲಿದ್ದಲು. ನಿನ್ನ ಕಾರು ನೂರು ಕಿಲೋಮೀಟರ್‌ಗೆ ಎಷ್ಟು ತಿನ್ನುತ್ತೆ?"

"ಹದಿನೈದು ಯೂನಿಟ್ಟು."

"ಹಾಗಾದ್ರೆ ಹನ್ನೊಂದು ಕೆಜಿ. ಅದರಲ್ಲಿ ಮೂರನೇ ಒಂದು ಪಾಲು ಬೂದಿ. ಅದು ನನಗೆ. ಬರ್ಕೊಂಡ್ಯಾ?"

"ಹ್ಞೂಂ. ಪೆಟ್ರೋಲ್ ಕಾರಿಗಿಂತ ವಾಸಿನೇ ಅಪ್ಪ, ಅಲ್ವಾ?"

"ಬರೀ ನಮ್ಮ ಕಲ್ಲಿದ್ದಲಲ್ಲೇ ಓಡಿಸಿದ್ರೆ ದೊಡ್ಡ ವ್ಯತ್ಯಾಸ ಏನಿಲ್ಲ. ಭೂಮಿ ಬಿಸಿಯಾಗೋ ಲೆಕ್ಕದಲ್ಲಿ ಅದಕ್ಕಿದು ಹೆಚ್ಚುಕಮ್ಮಿ ಸಮ."

ನನ್ನ ಸ್ವರ ಇಳಿದದ್ದು ಅವರಿಗೆ ತಿಳಿದಿರಬೇಕು. ತಡೆದು, "ಆದ್ರೆ ಒಂದು ವಿಷಯ" ಎಂದರು. ಒಂದು ಚಿಮಣಿಯಾದರೆ ಬೂದಿ ಹಿಡಿಯುವ ಯಂತ್ರ ಕೂರಿಸಬಹುದು, ಕಾವಲಿಗೆ ತನ್ನಂಥವರನ್ನು ನಿಲ್ಲಿಸಬಹುದು. "ಲಕ್ಷ ಕಾರಿನ ಹಿಂದೆ ಯಾರು ಕಾವಲು ನಿಲ್ತಾರೆ? ನಮ್ಮದು ಆಕಾಶದಲ್ಲಿ ಬಿಡುತ್ತೆ. ಅವು ಮಕ್ಕಳ ಮೂಗಿನ ಎತ್ತರದಲ್ಲೇ ಬಿಡ್ತವೆ."

ಅಪ್ಪ ಇಷ್ಟು ಉದ್ದದ ಮಾತನ್ನು ನನ್ನೊಡನೆ ಆಡಿದ್ದು ನೆನಪೇ ಇಲ್ಲ. ಬೂದಿಯ ಬಗ್ಗೆ ಕೇಳಿದ್ದರೆ ಸಾಕಿತ್ತೇ? ಹತ್ತು ವರ್ಷ ನಾನು ತಿಂಡಿಯ ಬಗ್ಗೆ ಮಾತಾಡಿದೆ.

ಮಾರ್ಚ್ 17, ಸೋಮವಾರ

ಏನೂ ಬರೆಯಲಾಗಲಿಲ್ಲ. ಅಪ್ಪನ ಸ್ವರ ಕಿವಿಯಲ್ಲೇ ಇದೆ.

ಮಾರ್ಚ್ 19, ಬುಧವಾರ

ಮಧ್ಯಾಹ್ನ ಷೋರೂಮಿನಲ್ಲಿರುವಾಗ ಫೋನು. ಅಪ್ಪ. ಬುಧವಾರ! ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಹೊರಗೆ ಓಡಿ, ತೊಳೆಯಲು ನಿಲ್ಲಿಸಿದ್ದ ಕಾರುಗಳ ಮಧ್ಯೆ ನಿಂತು ಎತ್ತಿದೆ.

"ಭಾನುವಾರ ನಾನು ಹೇಳಿದ್ದು ತಪ್ಪು" ಎಂದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. "ನಿನ್ನ ಕಾರಿನ ಕರೆಂಟೆಲ್ಲ ನಮ್ಮ ಒಲೆಯದ್ದೇ ಅಂತ ಹಿಡಿದು ಲೆಕ್ಕ ಹಾಕಿಬಿಟ್ಟೆ. ಈಗ ಬಿಸಿಲಿಂದು, ಗಾಳಿದು, ನೀರಿಂದು ಎಲ್ಲ ಒಂದೇ ತಂತಿಗೆ ಬಂದು ಬೀಳುತ್ತೆ. ಅಚ್ಚಿಗೆ ಹೋಗಿಲ್ಲ ತಾನೇ?"

"ಇಲ್ಲ ಅಪ್ಪ."

"ಸದ್ಯ. ಇನ್ನೊಂದು ಬರ್ಕೋ. ಪೆಟ್ರೋಲ್ ಕಾರು ಹುಟ್ಟಿದಾಗ ಹೇಗೋ ಸಾಯೋವರೆಗೂ ಹಾಗೇ. ಹಳೇದಾದಷ್ಟೂ ಹೊಗೆ ಜಾಸ್ತಿ. ಕರೆಂಟ್ ಕಾರು ಹಾಗಲ್ಲ. ಇಲ್ಲಿ ನಾವು ಒಲೆ ಬದಲಾಯಿಸಿದ್ರೆ ಅಲ್ಲಿ ಅದು ತಾನಾಗೇ ಶುದ್ಧ ಆಗುತ್ತೆ. ಇದ್ದ ಜಾಗದಲ್ಲೇ. ವಯಸ್ಸಾದಷ್ಟೂ ಒಳ್ಳೇದಾಗೋದು ಪ್ರಪಂಚದಲ್ಲಿ ಎಷ್ಟಿವೆ ಹೇಳು?"

ನನ್ನ ಕೈಯಲ್ಲಿ ಕಾಗದವಿರಲಿಲ್ಲ. ಕಾರಿನ ಗಾಜಿನ ಮೇಲಿನ ಸೋಪಿನ ನೊರೆಯಲ್ಲಿ ಬೆರಳಿನಿಂದ "ಒಲೆ" ಎಂದು ಬರೆದುಕೊಂಡೆ.

"ಒಲೆ ಬದಲಾಯಿಸ್ತಾರಾ ಅಪ್ಪ?"

"ಬದಲಾಯಿಸ್ತಾ ಇದ್ದಾರಲ್ಲ. ನಮ್ಮ ಹಳೇ ಎರಡು ಘಟಕ ಈ ತಿಂಗಳ ಕೊನೆಗೆ ಬಂದ್. ನಿನಗೆ ಹೇಳಿರಲಿಲ್ವಾ?"

ಹೇಳಿರಲಿಲ್ಲ. ನಾನು ಕೇಳುವ ಮುಂಚೆ ಅಲ್ಲಿ ಸೈರನ್ ಕೂಗಿತು. "ಇಡ್ಲಾ?" ಎಂದೂ ಕೇಳದೆ ಇಟ್ಟುಬಿಟ್ಟರು.

ಘಟಕ ಬಂದ್ ಆದರೆ ಅಪ್ಪ ಅಲ್ಲಿರುವುದು ಯಾಕೆ? ಸಂಜೆಯಿಂದ ಬೇರೇನೂ ತಲೆಗೆ ಹೋಗುತ್ತಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಮಂಚ ಹಿಡಿಸುತ್ತದೆ. ಹೊಲಿಗೆ ಯಂತ್ರವನ್ನು ಅಡುಗೆಮನೆಯ ಗೋಡೆಗೆ ಸರಿಸಿದರಾಯಿತು. ಅತ್ತೆ ಒಪ್ಪುತ್ತಾರೆ. ಅಂಗಡಿಗೆ ಹೋಗಿ ಬರುವ ಅಪ್ಪ, ಸಿಗ್ನಲ್ಲಿನವರನ್ನು ಬೈಯುವ ಅಪ್ಪ, ಭಾನುವಾರವಲ್ಲದ ಅಪ್ಪ. ಸುಮ್ಮನೆ ಹೀಗೆ ಬರೆಯುತ್ತಾ ಹೋಗಬಾರದು.

ಮಾರ್ಚ್ 21, ಶುಕ್ರವಾರ

ಪುಸ್ತಿಕೆಯ ಕೊನೆಯಲ್ಲಿ ಒಂದು ಪುಟ ಸೇರಿಸಿ ಮೇಡಂಗೆ ಕೊಟ್ಟೆ. ಕರೆಂಟು ಬರುವ ಕಡೆ ಹೊಗೆ ಇರಬಹುದು. ಬ್ಯಾಟರಿ ಮಾಡಲು ಭೂಮಿ ಅಗೆಯಬೇಕು. ಆದರೂ ಬೀದಿಯ ಗಾಳಿ ಇವತ್ತೇ ಹಗುರಾಗುತ್ತದೆ, ಒಲೆ ಬದಲಾದಷ್ಟೂ ಕಾರು ಶುದ್ಧವಾಗುತ್ತದೆ. ದೂರದ ಊರಿಗೆ ದಿನವೂ ಹೋಗುವವರಿಗೆ, ಚಾರ್ಜ್ ಮಾಡಲು ಜಾಗವಿಲ್ಲದವರಿಗೆ ಸದ್ಯಕ್ಕೆ ಹೈಬ್ರಿಡ್ ಸಾಕು. ಹೀಗೆಲ್ಲ.

ಮೇಡಂ ಕನ್ನಡಕ ತೆಗೆದರು. "ಇದು ಪುಸ್ತಿಕೆನೋ, ತಪ್ಪೊಪ್ಪಿಗೆನೋ?"

"ನಿಜ ಮೇಡಂ."

"ನಿಜ ಅಂತ ನನಗೂ ಗೊತ್ತು. ಹೆಣ್ಣು ತೋರಿಸೋಕೆ ಬಂದವರ ಮುಂದೆ ಹುಡುಗಿಯ ಅಪ್ಪ ಅವಳ ಗೊರಕೆ ವಿಷಯ ಎತ್ತುತ್ತಾನಾ?"

"ಹೆಣ್ಣು ನೋಡೋಕೆ ಬಂದವರು" ಎಂದು ತಿದ್ದಬೇಕು ಅನ್ನಿಸಿತು. ಅದು ನನ್ನ ಓದಿನ ದೋಷ. ತಿದ್ದಲಿಲ್ಲ. ಅವರು ಪುಟದ ಮೇಲಿಂದ ಕೆಳಗೆ ಒಂದು ಗೀಟು ಎಳೆದರು, ಬೇಸರವಿಲ್ಲದೆ, ತರಕಾರಿ ಹೆಚ್ಚುವವರ ಹಾಗೆ. ಸೈಲೆನ್ಸರ್ ಸಾಲು ಉಳಿಯಿತು. ಅದಕ್ಕೆ ಈಗ ದೊಡ್ಡ ಅಕ್ಷರ ಕೊಡುತ್ತಾರಂತೆ.

ಆ ಗೀಟಿನ ಕೆಳಗೆ ಅಪ್ಪನ ಮಾತುಗಳೇ ಇದ್ದವು. ಕಾಗದವನ್ನು ಮಡಿಸಿ ಈ ಪುಸ್ತಕದೊಳಗೆ ಇಟ್ಟಿದ್ದೇನೆ.

ಮಾರ್ಚ್ 23, ಭಾನುವಾರ

ಹತ್ತಕ್ಕೆ ಸರಿಯಾಗಿ ಫೋನು.

"ಎಲ್ಲ ಬಂತಾ ಅಚ್ಚಲ್ಲಿ?"

"ಬಂತು ಅಪ್ಪ" ಎಂದು ಸುಳ್ಳು ಹೇಳಿದೆ.

ಆಮೇಲೆ, ಯಾವುದೋ ಅರ್ಜಿಯನ್ನು ಓದುವವರ ಹಾಗೆ ಹೇಳಿದರು. ಘಟಕ ಬಿಚ್ಚುವ ಕೆಲಸಕ್ಕೆ ಹಳಬರು ಕೆಲವರು ಬೇಕಂತೆ. ಎಲ್ಲಿ ಯಾವ ಕೊಳವೆ ಹೋಗಿದೆ, ಎಲ್ಲಿ ಬೂದಿ ಗಟ್ಟಿಯಾಗಿ ಕೂತಿದೆ ಎಂದು ಬಲ್ಲವರು. ಎರಡು ವರ್ಷ. ಬೇಡವೆಂದರೆ ಈಗಲೇ ಬಿಡುಗಡೆ. ಮೂವತ್ತೊಂದನೇ ತಾರೀಕು ಸೋಮವಾರದೊಳಗೆ ಬರೆದುಕೊಡಬೇಕು.

"ನೀನೇನಂತೀಯ?"

ಅಪ್ಪ ನನ್ನನ್ನು ಕೇಳಿದರು. ಯಾವ ಕಾಲೇಜು, ಯಾವ ವಿಷಯ, ಯಾವ ಕೆಲಸ ಎಂದು ನಾನು ಅವರನ್ನು ಕೇಳಿದ್ದುಂಟು. ಅವರು ನನ್ನನ್ನು ಕೇಳಿದ್ದು ಇದೇ ಮೊದಲು. ಹೇಳಬೇಕಾದದ್ದು ಒಂದೇ ಪದ. ಅದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೂವತ್ತೊಂದು ವರ್ಷ ಕೆಲಸ ಮಾಡಿದ ಜಾಗ ಬಿಟ್ಟು ಬನ್ನಿ ಎನ್ನಲು ನಾನು ಯಾರು, ಅವರಿಗೆ ಅಲ್ಲೇ ಇರುವ ಮನಸ್ಸಿದ್ದರೆ, ನನ್ನ ಮಾತಿಗೆ ಕಟ್ಟುಬಿದ್ದು ಬಂದರೆ, ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಬಂದು ಬಾಯಿ ಕಟ್ಟಿತು.

"ನಿಮ್ಮಿಷ್ಟ ಅಪ್ಪ" ಎಂದೆ.

"ಹ್ಞೂಂ" ಎಂದರು. "ಇಡ್ಲಾ?"

ಎರಡು ನಿಮಿಷ.

ಮಾರ್ಚ್ 24, ಸೋಮವಾರ

ಅತ್ತೆಗೆ ಹೇಳದೆ ಇರಲಾಗಲಿಲ್ಲ. ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದರು, ಬಾಯಿ ತುಂಬ ಗುಂಡುಪಿನ್ನು. ಕೇಳುತ್ತಾ ಕೇಳುತ್ತಾ ಒಂದೊಂದೇ ಪಿನ್ನು ತೆಗೆದು ದಿಂಬಿಗೆ ಚುಚ್ಚಿದರು. ಬೈಯಲು ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

"ನಿಮ್ಮಿಷ್ಟ ಅಂದ್ಯಾ? ನಿಮ್ಮಿಷ್ಟ! ಆ ಮಾತನ್ನ ಈ ಮನೆತನದ ಬಾಯಿಂದ ಸುಟ್ಟುಹಾಕಬೇಕು ಕಣೇ."

"ಮರ್ಯಾದೆಗೆ ಅಂದೆ ಅತ್ತೆ."

"ನಿಮ್ಮಮ್ಮನೂ ಮರ್ಯಾದೆಗೇ ಅಂದಿದ್ದು. ಊರು ಬಿಡಬೇಕು ಅಂತ ಡಾಕ್ಟರು ಹೇಳಿದ ದಿನ ನಾನು ಅಲ್ಲೇ ಇದ್ದೆ. ನಿಮ್ಮಪ್ಪ 'ನಾನೂ ಬಿಟ್ಟು ಬರಲಾ' ಅಂತ ಕೇಳ್ದ. ಇವಳಿಗೆ ಬಾ ಅನ್ನೋಕೆ ಆಸೆ. ಆದ್ರೆ ಅವನ ಕೆಲಸ ತನ್ನಿಂದ ಹೋಯ್ತು ಅನ್ನಿಸಿಕೊಳ್ಳಬಾರದು. 'ನಿಮ್ಮಿಷ್ಟ' ಅಂದ್ಲು. ಅವನಿಗೆ ಬರೋಕೆ ಆಸೆ. ಇವಳು ಕರೀಲಿಲ್ಲ, ಬೇಡವೇನೋ ಅಂದ್ಕೊಂಡ. 'ನಿನ್ನಿಷ್ಟ' ಅಂದ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಕೊಂಡು ಕೊಟ್ಕೊಂಡು ಏಳು ವರ್ಷ ಬೇರೆ ಬೇರೆ ಇದ್ರು. ಆಮೇಲೆ ಅವಳೇ ಇಲ್ಲ."

ನನಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೆ ಅಲ್ಲೇ ಇರುವುದು ಹಿತ, ಅದಕ್ಕೇ ಇದ್ದರು ಎಂದುಕೊಂಡಿದ್ದೆ. ಅಮ್ಮನೂ ಸಾಯುವವರೆಗೆ ಹಾಗೇ ಅಂದುಕೊಂಡಿದ್ದಳೋ ಏನೋ.

"ಮತ್ತೆ ಅಮ್ಮ ಹೋದಮೇಲೆ ಯಾಕೆ ಬರಲಿಲ್ಲ?"

ಅತ್ತೆ ಪ್ಯಾಂಟು ಕೆಳಗಿಟ್ಟರು. "ತನ್ನ ಹೊಗೆನೇ ಅವಳನ್ನ ತಿಂತು ಅಂದ್ಕೊಂಡಿದ್ದಾನೆ. ನಿನ್ನ ಮುಖ ನೋಡೋಕೆ ಅವನಿಗೆ ಆಗಲ್ಲ. ಆ ಹೊಗೆ ಅರ್ಧ, ಈ ರಸ್ತೆ ಹೊಗೆ ಅರ್ಧ ಅಂತ ಇಲ್ಲಿನ ಡಾಕ್ಟರು ನನ್ನೆದುರಿಗೇ ಹೇಳಿದ್ರು. ಅವನಿಗೂ ಹೇಳಿದೆ. ಕೇಳಿದನಾ? ಬೂದಿಯಲ್ಲಿ ಇದ್ದು ಇದ್ದು ಕಿವಿಗೂ ತುಂಬಿದೆ."

ಕಿಟಕಿಯ ಕೆಳಗೆ ಕೆಂಪು ಬಿದ್ದಿತ್ತು. ಅತ್ತೆ ಎದ್ದು ಹೋಗಿ ಕಿಟಕಿ ಮುಚ್ಚಿದರು.

ಮಾರ್ಚ್ 25, ಮಂಗಳವಾರ

ಎರಡು ಸಲ ನಂಬರ್ ಒತ್ತಿ ಕತ್ತರಿಸಿದೆ. ಮೂರನೇ ಸಲ ರಿಂಗಾಯಿತು. ಅಪ್ಪ ಎತ್ತಿದರು. "ಏನು ಪುಟ್ಟಿ, ಲೆಕ್ಕ ಏನಾದ್ರೂ ತಪ್ಪಿತ್ತಾ?" ಇಲ್ಲ ಎಂದೆ. ಸುಮ್ಮನೆ ಎಂದೆ. ಫೋನಿನಲ್ಲಿ ನನಗೆ ಹ್ಞೂಂ ಎನ್ನುವುದು ಮಾತ್ರ ಅಭ್ಯಾಸವಾಗಿದೆ.

ಮಾರ್ಚ್ 26, ಬುಧವಾರ

ಇವತ್ತು ಚಹಾ ಆರಿಹೋಯಿತು. ವಿಶೇಷವೇನಿಲ್ಲ, ಒಬ್ಬರು ಬಂದಿದ್ದರು. ಮಾತಿನಮಲ್ಲ ಹೊರಗೆ ಯಾರನ್ನೋ ಕಾರಿನಲ್ಲಿ ಸುತ್ತಿಸಲು ಹೋಗಿದ್ದ. ಹೆಂಗಸು ಶಾಲೆಯ ಟೀಚರ್ ಇರಬೇಕು, ಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ. ಪಕ್ಕದಲ್ಲಿ ಆರೇಳು ವರ್ಷದ ಮಗಳು. ಮಗುವಿನ ಕೊರಳಿಗೆ ದಾರ ಕಟ್ಟಿ ಉಸಿರಿಗೆ ಎಳೆದುಕೊಳ್ಳುವ ಪಂಪು ನೇತುಹಾಕಿದ್ದರು. ನನ್ನ ಅಮ್ಮನದೂ ಅದೇ ನೀಲಿ ಬಣ್ಣದ್ದು.

ಅವರು ಪುಸ್ತಿಕೆಯ ದೊಡ್ಡ ಅಕ್ಷರದ ಸಾಲನ್ನು ಓದಿ ಕೇಳಿದರು. "ಹೊಗೆಯೇ ಇಲ್ಲ ಅಂತಿದೆ. ನಿಜ ಹೇಳಿ, ಮಾರೋಕೆ ಹೇಳೋದು ಬೇಡ. ನಮ್ಮ ಅತ್ತಿಗೆ, ಎಲ್ಲ ಮೋಸ, ಕರೆಂಟು ಕಲ್ಲಿದ್ದಲಿಂದ ಬರುತ್ತೆ ಅಂತಾರೆ."

"ನಿಮ್ಮ ಅತ್ತಿಗೆ ಹೇಳಿದ್ದು ಅರ್ಧ ನಿಜ" ಎಂದೆ. ಆಮೇಲೆ ಉಳಿದರ್ಧ ಹೇಳಬೇಕಾಯಿತು. ಹೊಗೆ ಇನ್ನೊಂದು ಊರಿನಲ್ಲಿ ಏಳುತ್ತದೆ, ಅಲ್ಲಿಯೂ ಜನ ಇದ್ದಾರೆ, ನಮ್ಮ ಅಪ್ಪ ಅಲ್ಲೇ ಇದ್ದಾರೆ ಎಂದೆ. ಒಲೆಯ ಮಾತು ಹೇಳಿದೆ. ಇಡೀ ರಸ್ತೆಯೇ ಬದಲಾಗದೆ ನಿಮ್ಮದೊಂದೇ ಕಾರಿನಿಂದ ಮಗುವಿನ ಉಬ್ಬಸ ಹೋಗುವುದಿಲ್ಲ ಎಂದೂ ಹೇಳಿದೆ. ಶಾಲೆಯ ಗೇಟಿನಲ್ಲಿ ಕಾಯುವಾಗ ಎಂಜಿನ್ ಆರಿಸಲು ಎಲ್ಲರಿಗೂ ಹೇಳಿ, ಅದಕ್ಕೆ ಯಾವ ಕಾರೂ ಕೊಳ್ಳಬೇಕಿಲ್ಲ ಎಂದೆ. ಮನೆಯಲ್ಲಿ ಚಾರ್ಜ್ ಮಾಡಲು ಜಾಗವಿದೆಯೇ ಎಂದು ಕೇಳಿದೆ. ಇಲ್ಲವಂತೆ. ಹಾಗಾದರೆ ಹೈಬ್ರಿಡ್ ನೋಡಿ, ಇಲ್ಲವೇ ಇನ್ನೆರಡು ವರ್ಷ ಕಾಯಿರಿ ಎಂದೆ. ಮಗು ನನ್ನ ಮುಖವನ್ನೇ ನೋಡುತ್ತಾ, "ನಿಮ್ಮಪ್ಪನಿಗೂ ಕೆಮ್ಮು ಬರುತ್ತಾ?" ಎಂದಿತು.

ಗೊತ್ತಿಲ್ಲ ಎಂದೆ. ನಿಜವಾಗಿಯೂ ನನಗೆ ಗೊತ್ತಿಲ್ಲ.

ತಿರುಗಿದರೆ ಮಾತಿನಮಲ್ಲ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ. ಅವನಿಗೇ ಮಾತು ಸಿಗದ್ದು ಇವತ್ತೇ ನೋಡಿದ್ದು. ಆಮೇಲೆ ವರ್ಕ್‌ಶಾಪಿನ ಕಡೆ ಕೂಗಿದ: "ಮೇಸ್ತ್ರಿಗಳೇ, ಬನ್ನಿ ಬೇಗ, ನಮ್ಮ ಗಾಡಿ ಸೈಲೆನ್ಸರ್ ಕಳಚಿ ಬಿದ್ದಿದೆ."

ಮಾರ್ಚ್ 27, ಗುರುವಾರ

ಮೇಡಂ ಕರೆದರು.

"ನಿನ್ನೆ ಬಂದಿದ್ದವರು ಬುಕ್ ಮಾಡಲಿಲ್ಲ."

"ಹೌದು ಮೇಡಂ. ಕಾಯಿರಿ ಅಂತ ನಾನೇ ಹೇಳಿದೆ."

"ನಾಳೆ ಇನ್ನೊಬ್ಬರು ಬಂದು ಕೇಳಿದ್ರೆ?"

"ಅವರ ಮನೆ ನೋಡಿ ಹೇಳ್ತೀನಿ. ಬೇಕಾದವರಿಗೆ ಬೇಕು ಅಂತ, ಬೇಡದವರಿಗೆ ಬೇಡ ಅಂತ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಬೈಯಲೂ ಇಲ್ಲ, ಒಪ್ಪಲೂ ಇಲ್ಲ. "ಇನ್ನೇನಾದ್ರೂ ಇದೆಯಾ?" ಎಂದರು. ಎದ್ದು ಹೋಗು ಎಂಬುದಕ್ಕೆ ಅವರು ಹಾಗೆನ್ನುತ್ತಾರೆ.

"ಶನಿವಾರ, ಸೋಮವಾರ ರಜೆ ಬೇಕು ಮೇಡಂ" ಎಂದೆ. ಆ ಮಾತು ಬರುವವರೆಗೆ ನನಗೇ ಅದು ಗೊತ್ತಿರಲಿಲ್ಲ.

"ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲರೂ ಚೆನ್ನಾಗಿದ್ದಾರೆ. ಅದಕ್ಕೇ ಈಗಲೇ ಹೋಗ್ಬೇಕು."

ಕೊಟ್ಟರು.

ಮಾರ್ಚ್ 28, ಶುಕ್ರವಾರ

ರೈಲು ನಾಳೆ ಬೆಳಿಗ್ಗೆ ಆರೂಹತ್ತಕ್ಕೆ. ಸಂಜೆ ಐದಕ್ಕೆ ಆ ಸ್ಟೇಷನ್ನು. ಅಪ್ಪನಿಗೆ ತಿಳಿಸಿಲ್ಲ. ತಿಳಿಸಿದರೆ, ಯಾಕೆ ಸುಮ್ಮನೆ ತೊಂದರೆ ಎನ್ನುತ್ತಾರೆ, ನಾನು ಹ್ಞೂಂ ಎನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ಚೀಲಕ್ಕೆ ಬಟ್ಟೆ ತುಂಬುವಾಗ ಒಂದು ಲೆಕ್ಕ ಹೊಳೆದು ಕೈ ನಿಂತಿತು. ಮೂರು ವರ್ಷದಲ್ಲಿ ಅಪ್ಪ ಎರಡೇ ಸಲ ಬಂದರು ಎಂದು ಎಷ್ಟು ಸಲ ಮನಸ್ಸಿನಲ್ಲಿ ಎಣಿಸಿದ್ದೇನೆ. ಹತ್ತು ವರ್ಷದಲ್ಲಿ ನಾನು ಎಷ್ಟು ಸಲ ಹೋದೆ? ಒಂದು ಸಲವೂ ಇಲ್ಲ. ಅಮ್ಮನಿಗೆ ಆಗದ ಗಾಳಿ ಎಂದು ಮೊದಲು ಹೋಗಲಿಲ್ಲ. ಆಮೇಲೆ, ಕರೆಯಲಿಲ್ಲವಲ್ಲ ಎಂದು ಹೋಗಲಿಲ್ಲ. ಅವ್ವಯ್ಯಾ ಎಂದು ಒಬ್ಬಳೇ ಮಂಚದ ಮೇಲೆ ಕೂತುಬಿಟ್ಟೆ.

ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಏನು ಹೇಳ್ತೀಯ ಅವನಿಗೆ? ಚೀಟಿ ಗೀಟಿ ಬರ್ಕೊಂಡಿದ್ದೀಯಾ?"

"ಇಲ್ಲ ಅತ್ತೆ."

"ಅವನು ಬರಲ್ಲ ಅಂದ್ರೆ?"

ಇದನ್ನು ದಿನವಿಡೀ ಯೋಚಿಸಿದ್ದೇನೆ. ಬಿಚ್ಚುವ ಕೆಲಸಕ್ಕೆ ಅಪ್ಪ ಬೇಕು ಎಂಬುದು ನಿಜವಿರಬಹುದು. ಯಾವ ಕೊಳವೆಯಲ್ಲಿ ಬೂದಿ ಕೂತಿದೆ ಎಂದು ತಿಳಿಯದೆ ಒಡೆದರೆ ಅದು ಮತ್ತೆ ಯಾರದೋ ಕಿಟಕಿಗೆ ಹೋಗಿ ಕೂರುತ್ತದೆ. ಆ ಒಲೆ ಆರಿಸುವುದನ್ನು ತಾನೇ ನಿಂತು ನೋಡಬೇಕು ಎಂದು ಅವರಿಗೆ ಅನ್ನಿಸಿದರೆ ಅದು ತಪ್ಪಲ್ಲ. ಹಾಗಿದ್ದರೆ ತಿಂಗಳಿಗೊಮ್ಮೆ ನಾನೇ ಹೋಗುತ್ತೇನೆ. ಹನ್ನೊಂದು ಗಂಟೆಯ ದಾರಿ ಅಷ್ಟೇ. ಆದರೆ ನನ್ನ ಮುಖ ನೋಡಲಾಗದೆ ಅಲ್ಲಿರುವುದು ಬೇಡ. ಮುಖವನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ.

ಹೋಗಿ, ಅವರು ತಿಂಡಿ ಆಯಿತೇ ಎಂದು ಕೇಳುವ ಮೊದಲೇ, ಎದುರಿಗೆ ಕೂತು, "ಬನ್ನಿ ಅಪ್ಪ, ನನಗೆ ನೀವು ಬೇಕು" ಎನ್ನುತ್ತೇನೆ. ಬರುವುದು ಬಿಡುವುದು ಆಮೇಲಿನ ಮಾತು. ಅಲ್ಲೇ ಉಳಿಯುವುದಾದರೂ, ನನ್ನಿಂದ ಕರೆಸಿಕೊಂಡ ಮೇಲೆ ಉಳಿಯಲಿ.